ಲೋಹ ಬಗ್ಗಬೇಕು, ಬಿರಿಯಬಾರದು

ಫ್ಯಾಬ್ರಿಕೇಶನ್ ಶೆಡ್ಡಿಗೆ ಹೊಸದಾಗಿ ಸೇರಿದ ಐಟಿಐ ಹುಡುಗರು, ಆಭರಣದ ಕೆಲಸ ಕಲಿಯಲು ಕೂತವರು, ಮನೆಯ ಹಿಂದೆ ಒಂದು ವೈಸ್ ಬಿಗಿದುಕೊಂಡು ರಜೆಯ ದಿನ ಏನಾದರೊಂದು ಮಾಡುತ್ತಿರುವವರು: ಈ ಬರಹ ಇವರಿಗಾಗಿ. ಲೋಹ ಬಗ್ಗಿಸುವ ಕೆಲಸದಲ್ಲಿ ತೋಳಿನ ಪಾಲು ಕಡಿಮೆ. ಯಾವುದೇ ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದ ಮುರಿದ ತುಂಡುಗಳನ್ನು ಎತ್ತಿ ನೋಡಿ. ಇದು ಯಾವ ಲೋಹ, ಈಗ ಯಾವ ಹದದಲ್ಲಿದೆ, ನಮ್ಮ ಕೈಗೆ ಬರುವ ಮೊದಲು ಏನೇನು ಅನುಭವಿಸಿದೆ ಎಂದು ಕೇಳದೆ ಕೈ ಹಾಕಿದ್ದಕ್ಕೇ ಅವುಗಳಲ್ಲಿ ಮುಕ್ಕಾಲು ಪಾಲು ಹಾಳಾಗಿರುತ್ತವೆ.

1. ಹೆಸರು ಕೇಳಿದ ಮೇಲೆ ಹದವನ್ನೂ ಕೇಳಿ.

‘ಅಲ್ಯೂಮಿನಿಯಂ ತಾನೇ, ಬಗ್ಗುತ್ತೆ ಬಿಡಿ’ ಎನ್ನುವವರಿಂದ ದೂರ ಇರಿ. ಅಂಗಡಿಯಲ್ಲಿ ಒಂದೇ ತರ ಹೊಳೆಯುವ ಎರಡು ಶೀಟುಗಳಲ್ಲಿ ಒಂದು 1100 ದರ್ಜೆಯದಿರಬಹುದು, ಇನ್ನೊಂದು 6061. ಮೊದಲನೆಯದರಲ್ಲಿ ಶೇ. 99 ಅಲ್ಯೂಮಿನಿಯಂ, ಮೆದು ಹದದಲ್ಲಿದ್ದರೆ ಬಟ್ಟೆಯ ಅಂಚು ಮಡಚಿದ ಹಾಗೆ ಮಡಚಬಹುದು. ಎರಡನೆಯದಕ್ಕೆ ಮೆಗ್ನೀಸಿಯಂ, ಸಿಲಿಕಾನ್ ಬೆರೆಸಿ, ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಚೂಪಾಗಿ ಬಗ್ಗಿಸಲು ಹೋದರೆ ಹೊರಮೈ ಬಿರಿಯುತ್ತದೆ. ಸಂಖ್ಯೆಯ ಮುಂದಿನ ಅಕ್ಷರ ನೋಡಿಕೊಳ್ಳಿ. ‘ಓ’ ಎಂದರೆ ಕಾಯಿಸಿ ಮೆತ್ತಗೆ ಮಾಡಿದ್ದು, ‘ಎಚ್’ ಎಂದರೆ ತಣ್ಣಗೆ ಉರುಳಿಸಿ ಗಟ್ಟಿ ಮಾಡಿದ್ದು, ‘ಟಿ’ ಎಂದರೆ ಶಾಖದ ಉಪಚಾರದಿಂದ ಗಟ್ಟಿ ಮಾಡಿದ್ದು. ಪೆಟ್ಟಿಗೆ, ಪ್ಯಾನೆಲ್ ಕೆಲಸಕ್ಕೆ ‘5052 ಎಚ್32’ ಕೇಳಿ ತನ್ನಿ. ಬಗ್ಗುತ್ತದೆ, ಬಲವೂ ಇದೆ.

2. ಸುಲಭದಿಂದ ಕಷ್ಟದ ಕಡೆಗಿನ ಸಾಲು ಬಾಯಿಗೆ ಬರಲಿ.

ಚಿನ್ನ, ಬೆಳ್ಳಿ, ಸೀಸ, ತಾಮ್ರ, ಶುದ್ಧ ಅಲ್ಯೂಮಿನಿಯಂ ಮೊದಲ ಸಾಲು. ಎಂ.ಎಸ್. ಎನ್ನುವ ಮೆದು ಉಕ್ಕು ಮತ್ತು ಹಿತ್ತಾಳೆ ಎರಡನೆಯದು. ಸ್ಟೇನ್‌ಲೆಸ್ ಸ್ಟೀಲ್ ಬಗ್ಗುತ್ತದೆ, ಆದರೆ ಜಗಳವಾಡಿ. ಟೈಟಾನಿಯಂ ಇನ್ನೂ ಹಟಮಾರಿ. ಎರಕದ ಸತುವನ್ನೂ ಮೆಗ್ನೀಸಿಯಂ ಅನ್ನೂ ತಣ್ಣಗಿದ್ದಾಗ ಬಗ್ಗಿಸಲು ಹೋಗಲೇಬೇಡಿ. ಬೀಡುಕಬ್ಬಿಣಕ್ಕೆ ಈ ಸಾಲಿನಲ್ಲಿ ಜಾಗವೇ ಇಲ್ಲ.

ಈ ಸಾಲು ಹೀಗೇಕೆ? ಲೋಹದೊಳಗೆ ಪರಮಾಣುಗಳು ಪದರಪದರವಾಗಿ ಜೋಡಿಸಿಕೊಂಡಿರುತ್ತವೆ. ಬಗ್ಗಿಸಿದಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ. ಆದರೆ ಇಡೀ ಪದರ ಒಮ್ಮೆಗೇ ಜಾರುವುದಾದರೆ ಬೇಕಾಗುವ ಬಲ ನಾವು ನಿಜಕ್ಕೂ ಹಾಕುವ ಬಲದ ನೂರಾರು ಪಟ್ಟು, ಕೆಲವು ಲೋಹಗಳಲ್ಲಿ ಸಾವಿರಾರು ಪಟ್ಟು. ಈ ಒಗಟನ್ನು 1934ರಲ್ಲಿ ಜಿ.ಐ. ಟೇಲರ್, ಎಗಾನ್ ಓರೋವಾನ್, ಮೈಕಲ್ ಪೋಲಾನಿ ಮೂವರೂ ಬೇರೆಬೇರೆಯಾಗಿ ಬಿಡಿಸಿದರು. ಜೋಡಣೆಯಲ್ಲಿ ಅಲ್ಲಲ್ಲಿ ಸಣ್ಣ ದೋಷಗಳಿರುತ್ತವೆ. ಮುಂದೆ ಸಾಗುವುದು ಆ ದೋಷ. ಮದುವೆ ಮನೆಯ ದೊಡ್ಡ ಜಮಖಾನೆಯನ್ನು ತುದಿ ಹಿಡಿದು ಎಳೆದರೆ ಜಗ್ಗುವುದಿಲ್ಲ. ಒಂದು ಅಂಚಿನಲ್ಲಿ ಸುಕ್ಕು ಎಬ್ಬಿಸಿ, ಸುಕ್ಕನ್ನು ಕಾಲಲ್ಲಿ ತಳ್ಳುತ್ತ ಹೋದರೆ ಒಬ್ಬನೇ ಸರಿಸಬಹುದು. ಚಿನ್ನ, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂಗಳಲ್ಲಿ ದೋಷ ಹೀಗೆ ಸಾಗಲು 12 ದಾರಿಗಳಿವೆ. ಸತು, ಮೆಗ್ನೀಸಿಯಂಗಳಲ್ಲಿ ಸಲೀಸಾದ ದಾರಿ ಮೂರೇ.

ದಾರಿ ತೆರೆದಿದ್ದರೆ ಲೋಹ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ ಚಿನ್ನದ ಲೆಕ್ಕ ಸಾಕು. ಒಂದು ಗ್ರಾಂ ಚಿನ್ನದಿಂದ ಸುಮಾರು ಎರಡು ಕಿಲೋಮೀಟರ್ ತಂತಿ ಎಳೆಯಬಹುದು. ಅದೇ ಗ್ರಾಂ ಅನ್ನು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ದಪ್ಪಕ್ಕೆ ಬಡಿದರೆ ಅರ್ಧ ಚದರ ಮೀಟರ್ ಹಾಳೆ. ಸೀಸದ್ದು ಬೇರೆ ಕಥೆ: ಬಡಿದರೆ ಚೆನ್ನಾಗಿ ಹರಡುತ್ತದೆ, ತಂತಿ ಮಾಡಲು ಎಳೆದರೆ ಹರಿದುಹೋಗುತ್ತದೆ. ಬಡಿತ ತಡೆದುಕೊಳ್ಳುವ ಲೋಹ ಎಳೆತವನ್ನೂ ತಡೆದುಕೊಳ್ಳುತ್ತದೆ ಎಂದು ಎಣಿಸಬೇಡಿ.

3. ಬೆರಕೆ ಸೇರಿದಷ್ಟೂ ಹಟ ಜಾಸ್ತಿ ಎಂದು ಲೆಕ್ಕ ಹಾಕಿ.

ಬೇರೆ ಗಾತ್ರದ ಪರಮಾಣು ಮಧ್ಯೆ ಸೇರಿಕೊಂಡರೆ ದೋಷದ ದಾರಿಗೆ ಅಡ್ಡ. 24 ಕ್ಯಾರಟ್ ಚಿನ್ನದ ಬಳೆ ಕೈಯಲ್ಲೇ ಸೊಟ್ಟಗಾಗುತ್ತದೆ. ತಾಮ್ರ, ಬೆಳ್ಳಿ ಸೇರಿಸಿದ 22 ಕ್ಯಾರಟ್, ಅಂದರೆ 916, ಆಕಾರ ಹಿಡಿದು ನಿಲ್ಲುತ್ತದೆ. ವಜ್ರ ಕೂರಿಸುವವರು 18 ಕ್ಯಾರಟ್ ಕೇಳುವುದು ಜಿಪುಣತನಕ್ಕಲ್ಲ, ಕಲ್ಲು ಹಿಡಿದ ಕೊಕ್ಕೆ ಸಡಿಲವಾಗಬಾರದೆಂದು.

4. ಬಡಿದಷ್ಟೂ ಗಟ್ಟಿಯಾಗುತ್ತದೆ, ನಿಲ್ಲಿಸುವ ಗಳಿಗೆ ಗುರುತಿಸಿ.

ಅರ್ತಿಂಗ್‌ಗೆ ಬಳಸುವ ದಪ್ಪ ತಾಮ್ರದ ತಂತಿಯ ಮೊಳದುದ್ದದ ತುಂಡು ತೆಗೆದುಕೊಳ್ಳಿ. ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ಆರಿಸಿ. ಈಗ ಎರಡು ಬೆರಳಲ್ಲಿ ಬಗ್ಗಿಸಿ, ಮತ್ತೆ ನೇರ ಮಾಡಲು ನೋಡಿ. ಬಗ್ಗಿದ ಜಾಗ ಅಲ್ಲಾಡುವುದಿಲ್ಲ. ಅದರ ಎರಡೂ ಪಕ್ಕ ಬಗ್ಗಿ ತಂತಿ ಅಂಕುಡೊಂಕಾಗುತ್ತದೆ. ಆ ಒಂದು ಬಾಗಿನಲ್ಲೇ ದೋಷಗಳು ಸಾವಿರಪಟ್ಟು ಹುಟ್ಟಿ, ಒಂದಕ್ಕೊಂದು ತೊಡರಿಕೊಂಡು ದಾರಿ ಮುಚ್ಚಿರುತ್ತವೆ. ಹಟ ಹಿಡಿದು ಅಲ್ಲೇ ಹಿಂದೆ ಮುಂದೆ ಮಾಡಿದರೆ ಬಿಸಿಯಾಗಿ ತುಂಡಾಗುತ್ತದೆ. ಮತ್ತೆ ಕೆಂಪಗೆ ಕಾಯಿಸಿದರೆ ತೊಡರೆಲ್ಲ ಬಿಚ್ಚಿ ಮೊದಲಿನ ಹದಕ್ಕೆ ಬರುತ್ತದೆ. ವರ್ಕ್‌ಶಾಪಿನವರು ಅನೀಲಿಂಗ್ ಎನ್ನುವುದು ಇದಕ್ಕೇ.

ಹಂಡೆ, ಕೊಡ ಬಡಿಯುವ ತಾಮ್ರದ ಕೆಲಸದವರು ಈ ಗಳಿಗೆಯನ್ನು ಕಿವಿಯಲ್ಲಿ ಹಿಡಿಯುತ್ತಾರೆ. ಮೆತ್ತಗಿನ ತಗಡಿನ ಮೇಲೆ ಸುತ್ತಿಗೆ ಬಿದ್ದರೆ ಮಂದ ಸದ್ದು. ಗಟ್ಟಿಯಾಗುತ್ತ ಹೋದಂತೆ ಸದ್ದು ಏರುತ್ತದೆ, ಸುತ್ತಿಗೆ ಪುಟಿಯತೊಡಗುತ್ತದೆ. ಆಗ ಬಡಿತ ನಿಲ್ಲಿಸಿ ಪಾತ್ರೆ ಬೆಂಕಿಗೆ.

ಸ್ಟೇನ್‌ಲೆಸ್ ಸ್ಟೀಲಿನ ವಿಚಾರದಲ್ಲಿ ಕಿವಿಗಿಂತ ಅಯಸ್ಕಾಂತ ಮೇಲು. 304 ದರ್ಜೆಯ ಸಿಂಕಿನ ಸಪಾಟು ಜಾಗಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಆಳವಾಗಿ ಒತ್ತಿ ಎಳೆದ ಮೂಲೆಗೆ ಹಿಡಿದು ನೋಡಿ, ತುಸು ಜಗ್ಗುತ್ತದೆ. ಅಷ್ಟು ಎಳೆತಕ್ಕೆ ಅಲ್ಲಿನ ಲೋಹದ ಒಳಜೋಡಣೆಯೇ ಬದಲಾಗಿ ಗಡಸಾಗಿದೆ. 304 ಬಗ್ಗಿಸುವಾಗ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮತ್ತೆ ಒತ್ತುವ ಅಭ್ಯಾಸ ಬಿಡಿ; ಒಂದೇ ಓಟದಲ್ಲಿ ಮುಗಿಸಿ.

5. ನೀರಿಗೆ ಅದ್ದುವ ಮುನ್ನ ಎರಡು ಸಲ ಯೋಚಿಸಿ.

ತಾಮ್ರ, ಬೆಳ್ಳಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಮೆತ್ತಗೇ ಉಳಿಯುತ್ತವೆ. ಇಂಗಾಲ ಹೆಚ್ಚಿರುವ ಉಕ್ಕನ್ನು ಹಾಗೆ ಮಾಡಿದಿರೋ, ಗಾಜಿನಂತೆ ಸಿಡಿಯುವ ಗಡಸುತನ ಬರುತ್ತದೆ. ಕುಡುಗೋಲಿನ ಬಾಯಿಗೆ ಕಮ್ಮಾರ ನೀರು ಕುಡಿಸುವುದು ಆ ಗಡಸುತನಕ್ಕಾಗಿಯೇ. ಹಳೆಯ ಸ್ಪ್ರಿಂಗ್ ಪಟ್ಟಿ, ಅರ, ಗರಗಸದ ಅಲಗು ಬಗ್ಗಿಸಬೇಕಿದ್ದರೆ ಕೆಂಪಗೆ ಕಾಯಿಸಿ ಬೂದಿಯಲ್ಲೋ ಒಣ ಸುಣ್ಣದಲ್ಲೋ ಹೂತಿಟ್ಟು, ಇಡೀ ರಾತ್ರಿ ಆರಲು ಬಿಡಿ.

6. ಕಬ್ಬಿಣವನ್ನು ಅರೆಬಿಸಿಯಲ್ಲಿ ಮುಟ್ಟಬೇಡಿ.

ಕಬ್ಬಿಣ ಕಾದಾಗಲೇ ಬಡಿಯಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಕಾದಾಗ ಎನ್ನುವುದು ಕುಲುಮೆಯ ಮುಂದೆ ಕೂತವರಿಗೆ ಮಾತ್ರ ಗೊತ್ತು. ಮೆದು ಉಕ್ಕಿಗೆ ಕಿತ್ತಳೆಯಿಂದ ಹಳದಿಗೆ ತಿರುಗುವ ಬಣ್ಣ ಒಳ್ಳೆಯದು. ಬಿಳಿ ಕಿಡಿ ಹಾರತೊಡಗಿದರೆ ಲೋಹ ಸುಡುತ್ತಿದೆ ಎಂದರ್ಥ, ಆ ತುದಿ ಕತ್ತರಿಸಿ ಎಸೆಯಬೇಕು. ಮಬ್ಬುಗೆಂಪಿಗೆ ಇಳಿದಾಗ ಚಮಟಿಗೆ ಕೆಳಗಿಟ್ಟು ಮತ್ತೆ ಕಾಯಿಸಿ. ನಿಜವಾದ ಅಪಾಯ ಅದಕ್ಕೂ ಕೆಳಗೆ, 200ರಿಂದ 350 ಡಿಗ್ರಿ ಸೆಲ್ಸಿಯಸ್ ನಡುವೆ. ಉಜ್ಜಿದ ಉಕ್ಕಿನ ಮೇಲೆ ನೀಲಿ ಛಾಯೆ ಕಾಣುವ ಈ ಬಿಸಿಯಲ್ಲಿ ಅದು ತಣ್ಣಗಿರುವಾಗಿನದಕ್ಕಿಂತಲೂ ಪೆಡಸು. ‘ಸ್ವಲ್ಪ ಬಿಸಿ ಮಾಡಿದರೆ ಸುಲಭವಾಗಬಹುದು’ ಎಂದು ಬ್ಲೋಲ್ಯಾಂಪ್ ಹಿಡಿದು ಒಂದು ನಿಮಿಷ ತೋರಿಸುವವರು ಸರಿಯಾಗಿ ಇಲ್ಲೇ ಸಿಕ್ಕಿಬೀಳುತ್ತಾರೆ. ಬಣ್ಣ ನೋಡುವುದು ನೆರಳಿನಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಕೆಂಪೂ ಕಪ್ಪಾಗಿಯೇ ಕಾಣುತ್ತದೆ.

7. ಅಲ್ಯೂಮಿನಿಯಂಗೆ ಸಾಬೂನು ಸವರಿ.

ಇದು ಬಣ್ಣ ತೋರಿಸುವ ಜಾತಿಯದಲ್ಲ. ಕೆಂಪಗಾಗಲಿ ಎಂದು ಕಾಯುತ್ತ ನಿಂತರೆ 660 ಡಿಗ್ರಿಗೆ ಕಣ್ಣೆದುರೇ ಕುಸಿದು ಕರಗುತ್ತದೆ. ಬಗ್ಗಿಸಬೇಕಾದ ಜಾಗಕ್ಕೆ ಬಟ್ಟೆ ಒಗೆಯುವ ಬಾರ್ ಸಾಬೂನಿನಿಂದ ಗೆರೆ ಎಳೆದು, ಹಿಂಬದಿಯಿಂದ ಉರಿ ಕೊಡಿ. ಗೆರೆ ಕಂದು ದಾಟಿ ಕಪ್ಪಗಾದ ಕೂಡಲೇ ಉರಿ ತೆಗೆಯಿರಿ. ಭಾರ ಹೊರಬೇಕಾದ ಭಾಗಗಳಿಗೆ ಈ ಉಪಾಯ ಬೇಡ. ಮೆತ್ತಗಾದದ್ದು ಮೆತ್ತಗೇ ಉಳಿಯುತ್ತದೆ.

8. ಮೂಲೆ ಚೂಪಾಗಬೇಕೆಂಬ ಆಸೆ ಕಡಿಮೆ ಮಾಡಿ.

ಬಗ್ಗಿಸಿದ ತಗಡಿನ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಬಿರುಕು ಹುಟ್ಟುವುದು ಹೊರಗೆ. ಮೆದು ಉಕ್ಕಿಗೆ ಒಳಬಾಗಿನ ತ್ರಿಜ್ಯ ಕನಿಷ್ಠ ತಗಡಿನ ದಪ್ಪದಷ್ಟಿರಲಿ. ‘6061 ಟಿ6’ ಆದರೆ ದಪ್ಪದ ಮೂರು ಪಟ್ಟಿಗೆ ಕಡಿಮೆ ಇಳಿಯಬೇಡಿ. ಪ್ರೆಸ್ ಬ್ರೇಕಿನ ಡೈ ಆರಿಸುವಾಗ ‘ವಿ’ ಬಾಯಿಯ ಅಗಲ ದಪ್ಪದ ಎಂಟು ಪಟ್ಟು ಎಂಬ ಹಳೆಯ ಲೆಕ್ಕ ಈಗಲೂ ನಡೆಯುತ್ತದೆ: ಎರಡು ಮಿ.ಮೀ. ಶೀಟಿಗೆ 16 ಮಿ.ಮೀ. ಬಾಯಿ.

ಇದಕ್ಕಿಂತ ಹೆಚ್ಚು ಜನ ಮರೆಯುವ ಸಂಗತಿ ಇನ್ನೆರಡಿವೆ. ಶೀಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉರುಳೆಯಲ್ಲಿ ಬಂದ ನವಿರು ಗೆರೆಗಳು ಕಾಣುತ್ತವೆ. ಮಡಿಕೆ ಆ ಗೆರೆಗಳಿಗೆ ಅಡ್ಡಲಾಗಿ ಬೀಳಲಿ. ಗೆರೆಗುಂಟ ಮಡಚಿದರೆ ಅಲ್ಲೇ ಸೀಳುತ್ತದೆ. ಎರಡನೆಯದು ಕತ್ತರಿಸಿದ ಅಂಚಿನ ಮುಳ್ಳು. ಬಿರುಕು ಶುರುವಾಗಲು ಒಂದು ಚಿಕ್ಕ ಕಚ್ಚು ಸಾಕು. ಬಾಗಿನ ಎರಡೂ ತುದಿಗೆ ಅರ ಆಡಿಸಿ, ಮುಳ್ಳಿದ್ದ ಮಗ್ಗುಲನ್ನು ಒಳಗೆ ಹಾಕಿ ಬಗ್ಗಿಸಿ.

9. ತುಸು ಹೆಚ್ಚೇ ಬಗ್ಗಿಸಿ, ಅದು ವಾಪಸು ಬರುತ್ತದೆ.

90 ಡಿಗ್ರಿಗೆ ನಿಲ್ಲಬೇಕೆಂದರೆ ಮೆದು ಉಕ್ಕನ್ನು ಒಂದೆರಡು ಡಿಗ್ರಿ, ಸ್ಟೇನ್‌ಲೆಸ್ ಸ್ಟೀಲನ್ನು ಎರಡು ಮೂರು ಡಿಗ್ರಿ ಮುಂದಕ್ಕೆ ಒಯ್ಯಬೇಕಾಗುತ್ತದೆ. ಬಲ ಹೆಚ್ಚಿದ್ದು ಬಿಗುವು ಕಡಿಮೆಯಿದ್ದರೆ ಲೋಹ ಹೆಚ್ಚು ಪುಟಿಯುತ್ತದೆ. ಬಿಗುವಿನಲ್ಲಿ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು, ಟೈಟಾನಿಯಂ ಸುಮಾರು ಅರ್ಧ. ಹಾಗಾಗಿ ಗಟ್ಟಿ ಹದದ ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಕೋನ ಹಿಡಿಯುವುದಕ್ಕೆ ಸತಾಯಿಸುತ್ತವೆ. ಬಾಗು ದೊಡ್ಡದಾಗಿ ತಗಡು ತೆಳುವಾದಷ್ಟೂ ಈ ಕಾಟ ಹೆಚ್ಚು.

10. ಕತ್ತರಿಸುವ ಮೊದಲು ಲೆಕ್ಕ ಹಾಕಿ.

ಹೊರಗಿನಿಂದ 50 ಮತ್ತು 50 ಮಿ.ಮೀ. ಅಳತೆಯ ಎಲ್ ಬ್ರಾಕೆಟ್‌ಗೆ 100 ಮಿ.ಮೀ. ಪಟ್ಟಿ ಕತ್ತರಿಸುವವರು ಇನ್ನೂ ಇದ್ದಾರೆ. ದಪ್ಪ ಎರಡು, ಒಳತ್ರಿಜ್ಯ ಎರಡು ಮಿ.ಮೀ. ಎಂದಿಟ್ಟುಕೊಳ್ಳಿ. ಬಾಗಿನಲ್ಲಿ ಹಿಗ್ಗದೆ ಕುಗ್ಗದೆ ಉಳಿಯುವ ಪದರ ಒಳಮೈಯಿಂದ ದಪ್ಪದ ಸುಮಾರು 0.4 ಪಾಲಿನಲ್ಲಿರುತ್ತದೆ. 90 ಡಿಗ್ರಿ ಬಾಗಿಗೆ 1.57 ಅನ್ನು 2.8ರಿಂದ ಗುಣಿಸಿದರೆ 4.4 ಮಿ.ಮೀ. ಎರಡು ನೇರ ಭಾಗ ತಲಾ 46. ಒಟ್ಟು 96.4 ಮಿ.ಮೀ. ಬ್ರಾಕೆಟ್ ಒಂದಾದರೆ ಉಜ್ಜಿ ಸರಿಮಾಡಬಹುದು. ಐನೂರಾದರೆ ಆ ಮೂರೂವರೆ ಮಿ.ಮೀ. ನಿಮ್ಮ ಲಾಭ ತಿನ್ನುತ್ತದೆ.

11. ಗೇಜ್ ಸಂಖ್ಯೆ ಏರಿದರೆ ತಗಡು ತೆಳು.

16 ಗೇಜ್ ಅಂದರೆ ಸುಮಾರು 1.6 ಮಿ.ಮೀ., 20 ಗೇಜ್ ಅಂದರೆ 0.9. ದಪ್ಪ ಎರಡರಷ್ಟಾದರೆ ಬಗ್ಗಿಸುವ ಬಲ ನಾಲ್ಕರಷ್ಟು ಬೇಕು. ಯಂತ್ರದ ಮೇಲೆ ಬರೆದ ಮಿತಿ ಸಾಮಾನ್ಯವಾಗಿ ಮೆದು ಉಕ್ಕಿನದು. ಅದೇ ದಪ್ಪದ ಸ್ಟೇನ್‌ಲೆಸ್ ಹಾಕಿ ಯಂತ್ರ ಕೆಡಿಸಬೇಡಿ.

12. ಪೈಪಿನ ಹೊಟ್ಟೆ ಖಾಲಿ ಬಿಡಬೇಡಿ.

ಖಾಲಿ ಪೈಪ್ ಬಗ್ಗಿಸಿದರೆ ಒಳಮಗ್ಗುಲು ಸುಕ್ಕಾಗಿ ದಾರಿ ಮುಚ್ಚುತ್ತದೆ. ಎ.ಸಿ. ಕೆಲಸದವರು ತಾಮ್ರದ ಪೈಪಿಗೆ ತೊಡಿಸುವ ಬೆಂಡಿಂಗ್ ಸ್ಪ್ರಿಂಗ್ ಇದನ್ನು ತಡೆಯುತ್ತದೆ. ದೊಡ್ಡ ಪೈಪಿಗೆ ಮರಳು ತುಂಬಿ, ತಟ್ಟಿ ತಟ್ಟಿ ಗಟ್ಟಿ ಮಾಡಿ, ಎರಡೂ ಬಾಯಿಗೆ ಬೆಣೆ ಹೊಡೆಯಿರಿ. ಕಾಯಿಸಿ ಬಗ್ಗಿಸುವುದಾದರೆ ಮರಳು ಬಾಣಲೆಯಲ್ಲಿ ಹುರಿದಷ್ಟು ಒಣಗಿರಬೇಕು. ಒಂದು ಚಮಚ ನೀರು ಉಳಿದಿದ್ದರೂ ಆವಿಯಾಗಿ ಬೆಣೆಯನ್ನು ಗುಂಡಿನಂತೆ ಹಾರಿಸುತ್ತದೆ. ಬೆಸುಗೆಯ ಸಾಲಿರುವ ಪೈಪಿನಲ್ಲಿ ಆ ಸಾಲು ಬಾಗಿನ ಹೊರಗೂ ಬೇಡ, ಒಳಗೂ ಬೇಡ, ಪಕ್ಕಕ್ಕೆ ಬರಲಿ.

13. ಮನೆ ಕಟ್ಟುವಾಗ ಕಂಬಿಗೆ ಬೆಂಕಿ ತೋರಿಸಲು ಬಿಡಬೇಡಿ.

ಟಿ.ಎಂ.ಟಿ. ಕಂಬಿಯ ಬಲವಿರುವುದು ಗಡಸಾದ ಹೊರಪದರ ಮತ್ತು ಮೆದುವಾದ ತಿರುಳಿನ ಜೋಡಿಯಲ್ಲಿ. ಕಾರ್ಖಾನೆಯಲ್ಲಿ ಕೆಂಪಗಿದ್ದಾಗಲೇ ನೀರು ಹಾಯಿಸಿ ಆ ಪದರ ಮಾಡಿರುತ್ತಾರೆ. ಸೈಟಿನಲ್ಲಿ ಕೆಂಪಗೆ ಕಾಯಿಸಿದರೆ ಅದು ಹೋಯಿತು. ತಪ್ಪಾಗಿ ಬಗ್ಗಿಸಿದ್ದನ್ನು ನೇರ ಮಾಡಿ ಅದೇ ಜಾಗದಲ್ಲಿ ಮತ್ತೆ ಬಗ್ಗಿಸುವುದೂ ಬೇಡ. ಕೊಳ್ಳುವಾಗ ‘ಎಫ್‌ಇ 500’ ಮತ್ತು ‘ಎಫ್‌ಇ 500ಡಿ’ ನಡುವೆ ಆರಿಸಬೇಕಾದರೆ ‘ಡಿ’ ಹಿಡಿಯಿರಿ. ಎರಡರ ಕನಿಷ್ಠ ಬಲ ಒಂದೇ. ಮುರಿಯುವ ಮುನ್ನ ಹಿಗ್ಗುವ ಪ್ರಮಾಣ ಭಾರತೀಯ ಮಾನಕದ ಪ್ರಕಾರ ಮೊದಲನೆಯದಕ್ಕೆ ಕನಿಷ್ಠ ಶೇ. 12, ಎರಡನೆಯದಕ್ಕೆ ಶೇ. 16. ಭೂಕಂಪದಲ್ಲಿ ಕಟ್ಟಡ ಉಳಿಸುವುದು ಈ ಹಿಗ್ಗುವಿಕೆ.

14. ಬಗ್ಗದ ಲೋಹಕ್ಕೆ ಬೇರೆ ಕೆಲಸ ಕೊಡಿ.

ಎರಕದ ಸತು ತಣ್ಣಗೆ ಪೆಡಸು. 100ರಿಂದ 150 ಡಿಗ್ರಿಗೆ ಕಾಯಿಸಿದರೆ ವಿಧೇಯ. ಇನ್ನೂ ಕಾಯಿಸಿದರೆ ಮತ್ತೆ ಪೆಡಸು. ಬೀದರಿನ ಬಿದರಿ ಕಸುಬಿನವರು ಈ ಲೋಹದ ಜೊತೆ ಗುದ್ದಾಟಕ್ಕೇ ಹೋಗುವುದಿಲ್ಲ. ಬಹುಪಾಲು ಸತು, ತುಸು ತಾಮ್ರ ಸೇರಿಸಿ ಹೂಜಿಯ ಒಡಲನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಆಮೇಲೆ ಉಳಿಯಿಂದ ಗೀರಿದ ಕಾಲುವೆಯಲ್ಲಿ ಬೆಳ್ಳಿ ತಂತಿಯನ್ನಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾರೆ. ಬೆಳ್ಳಿ ಹರಡಿ, ಕಾಲುವೆಯ ಗೋಡೆಗೆ ಕಚ್ಚಿಕೊಂಡು, ಅಂಟಿಲ್ಲದೆ ನಿಲ್ಲುತ್ತದೆ. ಕೋಟೆಯ ಮಣ್ಣು, ನವಸಾಗರದ ದ್ರಾವಣಕ್ಕೆ ಸತು ಕಪ್ಪಗಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದು ಕೊನೆಯ ಹಂತ. ಒಂದು ಪಾತ್ರೆಯಲ್ಲಿ ಎರಡು ಲೋಹ, ಎರಡಕ್ಕೂ ಅದರದರ ಸ್ವಭಾವಕ್ಕೆ ಒಪ್ಪುವ ಕೆಲಸ. ಲೋಹದ ಬಗ್ಗೆ ಇಷ್ಟು ಜಾಣ ಕಸುಬು ನಮ್ಮಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಪಕ್ಷಪಾತ.

ಸತು ಲೇಪಿಸಿದ ಜಿ.ಐ. ಶೀಟನ್ನು ಗ್ಯಾಸ್ ಹಚ್ಚಿ ಕಾಯಿಸಬೇಡಿ. ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಖಚಿತ.

15. ಕಂಚನ್ನು ಹಿತ್ತಾಳೆಯ ಹಾಗೆ ಬಡಿಯಬೇಡಿ.

ಶೇ. 20ಕ್ಕಿಂತ ಹೆಚ್ಚು ತವರ ಸೇರಿದ ಕಂಚು ತಣ್ಣಗಿದ್ದಾಗ ಏಟು ತಿಂದರೆ ಒಡೆಯುತ್ತದೆ. ಕೆಂಪಗಿದ್ದಾಗ ಬಡಿಯಬಹುದು, ನೀರಿಗದ್ದಿದರೆ ಪೆಡಸು ಕಡಿಮೆಯಾಗುತ್ತದೆ. ದಕ್ಷಿಣ ಭಾರತದ ತೆಳು ಕಂಚಿನ ಬಟ್ಟಲುಗಳ ಗುಟ್ಟು ಇದೇ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಕೇರಳದ ಕಂಚುಗಾರರಲ್ಲಿ ಈ ವಿದ್ಯೆಯನ್ನು ಅಧ್ಯಯನ ಮಾಡಿ ದಾಖಲಿಸಿದ್ದಾರೆ. ಇನ್ನು ಬೀಡುಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚು, ಅದೂ ಚಕ್ಕೆಚಕ್ಕೆಯಾಗಿ ಸೇರಿರುತ್ತದೆ. ಅದನ್ನು ತಣ್ಣಗೂ ಬಗ್ಗಿಸಲಾಗದು, ಬಿಸಿಗೂ ಬಗ್ಗಿಸಲಾಗದು.

16. ಬಗ್ಗಿಸಿದ ಮೇಲೆ ಒಳಗೆ ಉಳಿದ ಬಿಗಿತ ತೆಗೆಯಿರಿ.

ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಯಾರೂ ಮುಟ್ಟಿರಲಿಲ್ಲ, ಬೀಳಿಸಿರಲಿಲ್ಲ. ಅವನ್ನು ಇಟ್ಟಿದ್ದದ್ದು ಕುದುರೆ ಲಾಯಗಳಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೋಟಾ ಎಳೆದು ಮಾಡುವಾಗ ಹಿತ್ತಾಳೆಯೊಳಗೆ ಉಳಿದ ಬಿಗಿತ, ಎರಡೂ ಸೇರಿ ಈ ಕೆಲಸ ಮಾಡುತ್ತವೆ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಮದ್ದು ಸುಲಭ: ಬಗ್ಗಿಸಿದ ಹಿತ್ತಾಳೆಯನ್ನು ಹದವಾದ ಶಾಖದಲ್ಲಿ, 250 ಡಿಗ್ರಿಯ ಆಸುಪಾಸು, ಒಂದು ಗಂಟೆ ಇಟ್ಟು ಆರಿಸುವುದು. ಗಡಸುತನ ಉಳಿಯುತ್ತದೆ, ಬಿಗಿತ ಹೋಗುತ್ತದೆ.

17. ಗಡಿಯಾರವನ್ನೂ ನೋಡಿ.

ಕೆಲವು ಲೋಹಗಳು ಸುಮ್ಮನೆ ಇಟ್ಟರೂ ಗಟ್ಟಿಯಾಗುತ್ತವೆ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ತಾಮ್ರ ಬೆರೆತ ಅಲ್ಯೂಮಿನಿಯಂ ಕಾಯಿಸಿ ನೀರಿಗದ್ದಿದರು. ಆಗ ಮೆತ್ತಗಿತ್ತು, ಒಂದೆರಡು ದಿನ ಕಳೆದು ಅಳೆದರೆ ಗಡಸು ಏರಿತ್ತು. ಡ್ಯುರಾಲುಮಿನ್ ಹುಟ್ಟಿದ್ದು ಹಾಗೆ. ವಿಮಾನದ ಕೆಲವು ರಿವೆಟ್‌ಗಳನ್ನು ಇಂದಿಗೂ ಕಾಯಿಸಿ, ಅದ್ದಿ, ನೇರ ಫ್ರೀಜರಿನಲ್ಲಿ ಇಡುತ್ತಾರೆ. ಹೊರಗೆ ತೆಗೆದ ಮೇಲೆ ಬೇಗ ಬಡಿದು ಮುಗಿಸಬೇಕು. ತಡವಾದರೆ ತಲೆ ಬಿರಿಯುತ್ತದೆ.

18. ತುಂಡಿನ ಮೇಲೆ ಪ್ರಯೋಗ ಮಾಡಿ, ತುಂಡನ್ನು ಎಸೆಯಬೇಡಿ.

ಹೊಸ ಲಾಟ್ ಶೀಟ್ ಬಂದಾಗ ಅಂಚಿನಿಂದ ಎರಡು ಬೆರಳಗಲದ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡನ್ನೂ ಬಗ್ಗಿಸಿ, ಹೊರಮೈಯನ್ನು ಭೂತಕನ್ನಡಿಯಲ್ಲಿ ನೋಡಿ. ಕಿತ್ತಳೆ ಸಿಪ್ಪೆಯ ತರಹದ ಒರಟು ಕಂಡರೆ ಬಿರುಕು ಹತ್ತಿರದಲ್ಲಿದೆ, ತ್ರಿಜ್ಯ ಹೆಚ್ಚಿಸಿ. ಸರಿ ಬಂದ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ದರ್ಜೆ, ದಪ್ಪ, ಡೈ ಬಾಯಿ, ಎಷ್ಟು ಡಿಗ್ರಿ ಹೆಚ್ಚು ಬಗ್ಗಿಸಿದಿರಿ, ಎಲ್ಲವನ್ನೂ ಬರೆದು ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿ. ರಾತ್ರಿ ಪಾಳಿಯವನು ನಿಮಗೆ ಫೋನ್ ಮಾಡದೆ ಕೆಲಸ ಶುರುಮಾಡಬಹುದು.